299 ರೂಪಾಯಿ ರೀಚಾರ್ಜಿನಲ್ಲಿ 45 ರೂಪಾಯಿ ತೆರಿಗೆ

ಓದುಗರ ಪತ್ರ: "ನಾನು ಮೈಸೂರಿನಲ್ಲಿ ಐಟಿ ಕೆಲಸದಲ್ಲಿದ್ದೇನೆ. ಸಂಬಳ ಕೈಗೆ ಬರುವ ಮೊದಲೇ ಟಿಡಿಎಸ್ ಕಟ್ ಆಗಿರುತ್ತದೆ. ದೇಶದಲ್ಲಿ ನೂರಕ್ಕೆ ಎರಡು ಮೂರು ಜನ ತೆರಿಗೆ ಕಟ್ಟುತ್ತೇವೆ, ಉಳಿದವರೆಲ್ಲ ಕೂತು ತಿನ್ನುತ್ತಾರೆ. ನನ್ನ ದುಡ್ಡಲ್ಲಿ ಗ್ಯಾರಂಟಿ ಹಂಚುತ್ತಾರೆ. 2025ರ ಜುಲೈನಲ್ಲಿ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಬಂದಾಗ ನಿಮ್ಮ ಪತ್ರಿಕೆ ಅವರ ಪರ ಬರೆಯಿತು. ನಮ್ಮ ಪರ ಯಾರು?" (ಹೆಸರು ಹಾಕಬೇಡಿ ಎಂದಿದ್ದಾರೆ.)

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಸುಳ್ಳಲ್ಲ, ಮೊದಲು ಅದನ್ನೇ ಹೇಳುತ್ತೇನೆ. ಸಂಬಳದವರಿಗೆ ಬಚ್ಚಿಡಲು ಜಾಗವೇ ಇಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆಯನ್ನು 30ರಿಂದ 22 ಪರ್ಸೆಂಟಿಗೆ ಇಳಿಸಿತು. ಅದಕ್ಕೆ ಕಂಪನಿ ಬೇರೆ ವಿನಾಯಿತಿಗಳನ್ನು ಬಿಡಬೇಕು ಅನ್ನುವುದು ಷರತ್ತು. 2023-24ಕ್ಕೆ ಬರುವಷ್ಟರಲ್ಲಿ ಏನಾಗಿತ್ತು ಗೊತ್ತಾ? ಕಂಪನಿಗಳಿಂದ ಬಂದದ್ದು ಸುಮಾರು 9 ಲಕ್ಷ ಕೋಟಿ, ಜನರ ಆದಾಯ ತೆರಿಗೆಯಿಂದ ಬಂದದ್ದು 10 ಲಕ್ಷ ಕೋಟಿಗೂ ಜಾಸ್ತಿ. ನಿಮ್ಮ ಹೆಗಲ ಮೇಲಿನ ಭಾರ ಹೆಚ್ಚಿದೆ ಅನ್ನುವುದಕ್ಕೆ ಈ ಲೆಕ್ಕ ಸಾಕು.

ಆದರೆ "ಉಳಿದವರೆಲ್ಲ ಕೂತು ತಿನ್ನುತ್ತಾರೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ 299 ರೂಪಾಯಿ ಹಾಕಿ ಮೊಬೈಲ್ ರೀಚಾರ್ಜ್ ಮಾಡಿಸುತ್ತಾರೆ ಅಂದುಕೊಳ್ಳಿ. ಅದರಲ್ಲಿ ಕಂಪನಿಗೆ ಹೋಗುವುದು 253 ರೂಪಾಯಿ 39 ಪೈಸೆ. ಉಳಿದ 45 ರೂಪಾಯಿ 61 ಪೈಸೆ ಜಿಎಸ್‌ಟಿ. ನೀವು ಅದೇ ರೀಚಾರ್ಜ್ ಮಾಡಿಸಿದರೂ ಅಷ್ಟೇ, ದೊಡ್ಡ ಸಾಹುಕಾರ ಮಾಡಿಸಿದರೂ ಅಷ್ಟೇ. ತಿಂಗಳಿಗೆ ಹನ್ನೆರಡು ಸಾವಿರ ದುಡಿಯುವವರಿಗೆ ಆ 45 ರೂಪಾಯಿ ಎಷ್ಟು ದೊಡ್ಡದು, ಲಕ್ಷ ದುಡಿಯುವವರಿಗೆ ಎಷ್ಟು, ನೀವೇ ಯೋಚಿಸಿ. 2017ರ ಜುಲೈ 1ರಿಂದ 2025ರ ಸೆಪ್ಟೆಂಬರ್ 21ರವರೆಗೆ ಅವರು ಮೈಗೆ ಹಚ್ಚುವ ಸೋಪಿಗೂ, ಮಗುವಿನ ಕೈಗೆ ಕೊಡುವ ಬಿಸ್ಕತ್ತಿಗೂ 18 ಪರ್ಸೆಂಟ್ ಕಟ್ಟಿದ್ದಾರೆ. ಈಗ ಅದು 5ಕ್ಕೆ ಇಳಿದಿದೆ, ಒಳ್ಳೆಯದಾಯಿತು. ಆದರೆ ಎಂಟು ವರ್ಷ ಕಟ್ಟಿದ್ದು ಕಟ್ಟಿದ್ದೇ ಅಲ್ವಾ? ಅವರ ಹತ್ತಿರ ರಿಟರ್ನ್ ಇಲ್ಲ, ತೆರಿಗೆ ಕಟ್ ಆಗಿದ್ದಕ್ಕೆ ಕಂಪನಿ ಕೊಡುವ ಫಾರ್ಮ್ 16 ಇಲ್ಲ. ಅದಕ್ಕೇ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ರೈತರ ಮಾತು ಎತ್ತಿದರೂ ಅದೇ ಕಥೆ. ಬೆಳೆಯ ಆದಾಯಕ್ಕೆ ತೆರಿಗೆ ಇಲ್ಲ, ನಿಜ. (ಕೃಷಿಯ ಹೆಸರಲ್ಲಿ ಬೇರೆ ದುಡ್ಡು ತೋರಿಸುವ ಶ್ರೀಮಂತರನ್ನು ಹಿಡಿಯಲೇಬೇಕು, ಅದರಲ್ಲಿ ನಾನು ನಿಮ್ಮ ಕಡೆ.) ಆದರೆ ಗೊಬ್ಬರಕ್ಕೆ 5, ಪಿವಿಸಿ ಪೈಪಿಗೆ 18 ಪರ್ಸೆಂಟ್. ಡೀಸೆಲ್ ಜಿಎಸ್‌ಟಿಯ ಹೊರಗಿದೆ, ಅದಕ್ಕೆ ರಾಜ್ಯ 2025ರ ಏಪ್ರಿಲ್‌ನಿಂದ 21.17 ಪರ್ಸೆಂಟ್ ಮಾರಾಟ ತೆರಿಗೆ ಹಾಕುತ್ತಿದೆ. ಫ್ಯಾಕ್ಟರಿಯವರು ಕಚ್ಚಾ ಮಾಲಿಗೆ ಕಟ್ಟಿದ ಜಿಎಸ್‌ಟಿಯನ್ನು ಮುಂದೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ ಮಾಡಿಕೊಳ್ಳಬಹುದು. ರೈತರಿಗೆ ಆ ದಾರಿಯೇ ಇಲ್ಲ, ಕಟ್ಟಿದ್ದು ಹೋಯಿತು ಅಂತಲೇ ಲೆಕ್ಕ.

ಇನ್ನೊಂದು ವಿಷಯ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ ವರ್ಷಕ್ಕೆ 12 ಲಕ್ಷದ 75 ಸಾವಿರದವರೆಗೆ ಆದಾಯ ತೆರಿಗೆ ಇಲ್ಲ. ನಿಮ್ಮ ಲೆಕ್ಕದ ಪ್ರಕಾರ, ತಿಂಗಳಿಗೆ ಒಂದು ಲಕ್ಷ ತೆಗೆದುಕೊಳ್ಳುವ ನಿಮ್ಮ ಪಕ್ಕದ ಸೀಟಿನ ಸಹೋದ್ಯೋಗಿ ಕೂಡ ಕೂತು ತಿನ್ನುವವರ ಪಟ್ಟಿಗೆ ಸೇರುತ್ತಾರೆ. ಅವರನ್ನು ಹಾಗೆ ಕರೆಯಲು ನಿಮಗೆ ಮನಸ್ಸು ಬರುವುದಿಲ್ಲ ಅಂತ ನನಗೆ ಗೊತ್ತು.

ಗ್ಯಾರಂಟಿ ನಿಮ್ಮ ದುಡ್ಡಲ್ಲಿ ಅಂದಿರಿ. ನಿಮ್ಮ ಟಿಡಿಎಸ್ ಹೋಗುವುದು ಕೇಂದ್ರಕ್ಕೆ. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹೇಗೆ ಹಂಚಬೇಕು ಅಂತ ಹೇಳುವುದು ಹಣಕಾಸು ಆಯೋಗ. 15ನೇ ಆಯೋಗದ ಪ್ರಕಾರ 2025-26ರವರೆಗೆ ಹಂಚಿಕೆಯ ಮೊತ್ತದಲ್ಲಿ 41 ಪರ್ಸೆಂಟ್ ಎಲ್ಲ ರಾಜ್ಯಗಳಿಗೆ, ಅದರೊಳಗೆ ಕರ್ನಾಟಕಕ್ಕೆ ಸಿಕ್ಕಿದ್ದು 3.647 ಪರ್ಸೆಂಟ್. ಅದಕ್ಕೆ ಹಿಂದಿನ ಆಯೋಗ ಕೊಟ್ಟಿದ್ದು 4.713. ನಿಮ್ಮ ತೆರಿಗೆಯ ಮೇಲೆ ಬೀಳುವ 4 ಪರ್ಸೆಂಟ್ ಸೆಸ್‌ನಲ್ಲಂತೂ ರಾಜ್ಯಕ್ಕೆ ಪಾಲೇ ಇಲ್ಲ. ಸಿಟ್ಟು ಮಾಡಿಕೊಳ್ಳಲೇಬೇಕು ಅಂದರೆ ಇಲ್ಲಿ ಮಾಡಿಕೊಳ್ಳಿ. 2025-26ರ ರಾಜ್ಯ ಬಜೆಟ್‌ನಲ್ಲಿ ಗ್ಯಾರಂಟಿಗೆ ಇಟ್ಟಿದ್ದು 51 ಸಾವಿರ ಕೋಟಿ ಚಿಲ್ಲರೆ. ಅದೇ ಬಜೆಟ್‌ನಲ್ಲಿ ಅಬಕಾರಿ ಒಂದರಿಂದಲೇ ನಿರೀಕ್ಷಿಸಿದ್ದು 40 ಸಾವಿರ ಕೋಟಿ. ಆ ದುಡ್ಡು ಬರುವುದು ಯಾರ ಜೇಬಿನಿಂದ? ಗಾರೆ ಕೆಲಸ ಮುಗಿಸಿ ಕ್ವಾರ್ಟರ್ ತೆಗೆದುಕೊಂಡು ಮನೆಗೆ ಹೋಗುವವರ ಜೇಬಿನಿಂದಲೂ ಬರುತ್ತದೆ. ಅವರ ಹೆಂಡತಿಗೆ ಬರುವ ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಎಷ್ಟೋ ಪಾಲು ಅವರ ಮನೆಯಿಂದಲೇ ಹೋಗಿದ್ದು.

ಈಗ ಅಂಗಡಿಯವರ ವಿಷಯಕ್ಕೆ ಬರುತ್ತೇನೆ. ಸುಮ್ನೆ ಅವರ ಪರ ನಿಂತೆವು ಅಂತ ತಿಳಿಯಬೇಡಿ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು, ಕಾನೂನು ಸರಿಯಾಗೇ ಇದೆ. ನಮ್ಮ ಆಫೀಸಿನ ಕೆಳಗಿನ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ದಿನಕ್ಕೆ ಹನ್ನೆರಡು ಸಾವಿರದ ವ್ಯಾಪಾರ. ವರ್ಷಕ್ಕೆ ಗುಣಿಸಿ, 43 ಲಕ್ಷ 80 ಸಾವಿರ ಆಯಿತು. ಕೇಳಲು ದೊಡ್ಡ ಮೊತ್ತ. ಆದರೆ ಅದರಲ್ಲಿ ಅರ್ಧ ಹಾಲು. ಹಾಲಿಗೆ ತೆರಿಗೆಯೇ ಇಲ್ಲ, ಲೀಟರಿಗೆ ಉಳಿಯುವುದು ಒಂದೆರಡು ರೂಪಾಯಿ. ಅಣ್ಣ ಕಳಿಸಿದ ಕೈಸಾಲ, ಚೀಟಿ ದುಡ್ಡು ಕೂಡ ಅದೇ ಫೋನಿಗೆ ಬಿದ್ದಿರುತ್ತದೆ. 2021-22ರಿಂದ ನಾಲ್ಕು ವರ್ಷದ ಯುಪಿಐ ಮೊತ್ತವನ್ನು ಒಟ್ಟಿಗೆ ಕೂಡಿಸಿ ನೋಟಿಸ್ ಕಳಿಸಿದಾಗ ಈ ವ್ಯತ್ಯಾಸ ಯಾವುದೂ ಅದರಲ್ಲಿ ಕಾಣಲಿಲ್ಲ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ಕಟ್ಟಿ ಅಂತ ಹೋಯಿತು. ಹಸಿ ತರಕಾರಿಗೂ ತೆರಿಗೆ ಇಲ್ಲ! ನಾವು ಬರೆದಿದ್ದು ಇದನ್ನು. ಜುಲೈ 23ರಂದು ಮುಖ್ಯಮಂತ್ರಿಗಳು ಸಭೆ ಕರೆದು, ಇಂಥವರಿಂದ ಹಳೆಯ ತೆರಿಗೆ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಲಿ ಎಂದರು. ಆ ಕೆಲಸ ನೋಟಿಸ್ ಕಳಿಸುವ ಮೊದಲೇ ಆಗಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ, ಈಗಲೂ.

ಆಗ ನಮ್ಮ ಅಂಗಡಿಯವರು ಕ್ಯೂಆರ್ ಕೋಡ್ ಮೇಲೆ ಹಳೆ ಪೇಪರ್ ಅಂಟಿಸಿ "ಕ್ಯಾಶ್ ಮಾತ್ರ" ಅಂತ ಬರೆದಿದ್ದರು. ಎರಡು ತಿಂಗಳು ಹಾಗೇ ಇತ್ತು. ಆಮೇಲೆ ಅವರ ಮಗಳು ಒಬ್ಬ ಆಡಿಟರ್ ಹತ್ತಿರ ಕರೆದುಕೊಂಡು ಹೋದಳು. ಒಂದೂವರೆ ಕೋಟಿ ವಹಿವಾಟಿನವರೆಗೆ ರಾಜಿ ತೆರಿಗೆ ಪದ್ಧತಿ ಇದೆ, ವ್ಯಾಪಾರಿಗಳು ತೆರಿಗೆ ಬೀಳುವ ಸರಕಿನ ಮಾರಾಟದ ಮೇಲೆ 1 ಪರ್ಸೆಂಟ್ ಮಾತ್ರ ಕಟ್ಟಿದರೆ ಸಾಕು, ಮೂರು ತಿಂಗಳಿಗೊಮ್ಮೆ. ಇದು ಅವರಿಗೆ ಮೊದಲು ಯಾರೂ ಹೇಳಿರಲಿಲ್ಲ. ಈಗ ಗಲ್ಲಾದ ಪಕ್ಕ ಎರಡು ನೋಟ್‌ಬುಕ್ ಇವೆ, ಒಂದು ಹಾಲಿಗೆ, ಒಂದು ಉಳಿದಿದ್ದಕ್ಕೆ. ಮೊನ್ನೆ ಹಾಲು ತರಲು ಹೋದಾಗ ನೋಡಿದೆ, ಗೋಡೆ ಮೇಲೆ ಕ್ಯೂಆರ್ ಕೋಡ್ ಮತ್ತೆ ಕಾಣಿಸುತ್ತಿತ್ತು, ಅಂಚಿನಲ್ಲಿ ಆ ಪೇಪರಿನ ಅಂಟು ಇನ್ನೂ ಹೋಗಿರಲಿಲ್ಲ.