ಕಿಲೋಮೀಟರು ಬಿಡಿ, ಗಂಟೆ ಎಣಿಸಿ

ಐದು ದಿನ ಹಳ್ಳಿಗಾಡಿನ ಜಲ್ಲಿರಸ್ತೆಗಳಲ್ಲಿ ಸೈಕಲ್ ತುಳಿದು ಬಂದೆ ಎಂದು ಕಳೆದ ಸಂಚಿಕೆಯಲ್ಲಿ ಮಾತಿನ ನಡುವೆ ಬರೆದದ್ದೇ ತಪ್ಪಾಯಿತು. ಅಂದಿನಿಂದ ಬರುತ್ತಿರುವ ಪತ್ರಗಳೆಲ್ಲ ಅದರ ಬಗ್ಗೆಯೇ. ಹೀಗಾಗಿ ಈ ಸಲ ಉಳಿದ ಪ್ರಶ್ನೆಗಳಿಗೆ ರಜೆ. ನಾನು ಸ್ಪರ್ಧೆಗೆ ಇಳಿದವಳಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸು ಐವತ್ತೇಳು, ಎಡಮಂಡಿ ಆಗಾಗ ತಕರಾರು ತೆಗೆಯುತ್ತದೆ. ಹನ್ನೊಂದು ವರ್ಷಗಳಿಂದ ವರ್ಷಕ್ಕೊಮ್ಮೆ ಹೀಗೆ ಹೊರಡುತ್ತೇನೆ. ಹೋದಲ್ಲೆಲ್ಲ ಆಯಾ ದಿನದ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಚಟವಿದೆ. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಅಲ್ಲಿಂದಲೇ ಬಂದವು.

ಪ್ರಶ್ನೆ: ನಾವು ಮೂವರು ಗೆಳೆಯರು. ಡಾಂಬರು ರಸ್ತೆಯಲ್ಲಿ ದಿನಕ್ಕೆ 120 ಕಿ.ಮೀ. ನಮಗೆ ಸಲೀಸು. ಈಗ ನಾಲ್ಕು ದಿನಗಳಲ್ಲಿ 450 ಕಿ.ಮೀ. ಜಲ್ಲಿರಸ್ತೆ ಮುಗಿಸುವ ಯೋಚನೆ ಮಾಡಿದ್ದೇವೆ. ತಂಗುವ ಕೋಣೆಗಳನ್ನೂ ಕಾಯ್ದಿರಿಸಿ ಆಗಿದೆ. ಸರಿ ತಾನೆ?

ಉತ್ತರ: ಕೋಣೆಗಳನ್ನು ರದ್ದು ಮಾಡಲು ಇನ್ನೂ ಅವಕಾಶವಿದೆಯೇ, ಮೊದಲು ಅದನ್ನು ನೋಡಿ.

ಡಾಂಬರಿನ ಮೇಲೆ ನೀವು ಗಂಟೆಗೆ 22–25 ಕಿ.ಮೀ. ಹೋಗುವವರಿರಬಹುದು. ಅದೇ ಕಾಲು, ಅದೇ ಉಸಿರು, ಜೊತೆಗೆ ಸಾಮಾನು ಹೊತ್ತು ಸಡಿಲ ಜಲ್ಲಿಯ ಮೇಲೆ ಬಂದರೆ ಗಂಟೆಗೆ 12–15 ಸಿಕ್ಕರೆ ಪುಣ್ಯ. ಅದೂ ಚಕ್ರ ಉರುಳುತ್ತಿರುವಾಗಿನ ವೇಗ. ದಾರಿಗೆ ಅಡ್ಡ ಇರುವ ಗೇಟು ತೆಗೆದು, ಹಿಂದಿನಿಂದ ಮತ್ತೆ ಹಾಕಿ, ಶೂ ಒಳಗೆ ಸೇರಿದ ಕಲ್ಲು ಕೊಡವಿ, ನಕ್ಷೆ ನೋಡಿ, ದಾರಿ ತಪ್ಪಿ, ಒಪ್ಪಿಕೊಳ್ಳಲು ಮನಸ್ಸಿಲ್ಲದೆ ಇನ್ನೂ ಅರ್ಧ ಕಿಲೋಮೀಟರು ಹೋಗಿ, ಕೊನೆಗೆ ಹಿಂತಿರುಗಿ, ಹೀಗೆ ದಿನದ ಮೂರನೇ ಒಂದು ಪಾಲು ನಿಂತಲ್ಲೇ ಕಳೆಯುತ್ತದೆ. ಹಾಗಾಗಿ ನಾನು ಕಿಲೋಮೀಟರಿನಲ್ಲಿ ಯೋಜನೆ ಹಾಕುವುದನ್ನೇ ಬಿಟ್ಟಿದ್ದೇನೆ. ದಿನಕ್ಕೆ ಸೀಟಿನ ಮೇಲೆ ಐದು ಗಂಟೆ. ಅಷ್ಟರಲ್ಲಿ ಎಷ್ಟು ದೂರ ಹೋಗುತ್ತದೋ ಅಷ್ಟು. ಸಾಧಾರಣವಾಗಿ 60 ಕಿ.ಮೀ. ಆಸುಪಾಸು. ಮೊದಲ ದಿನ ಇನ್ನೂ ಕಡಿಮೆ, ಏಕೆಂದರೆ ಯಾವುದೋ ಚೀಲ ಸಡಿಲವಾಗುವುದು, ಯಾವುದೋ ನಟ್ಟು ಕಿರುಗುಟ್ಟುವುದು ಆ ದಿನವೇ.

ನೋಟ್‌ಬುಕ್ಕಿನ ಅತ್ಯಂತ ನಾಚಿಕೆಗೇಡಿನ ಪುಟ ಮೂರನೇ ವರ್ಷದ ಎರಡನೇ ದಿನದ್ದು: 31 ಕಿ.ಮೀ., ಏಳು ಗಂಟೆ ಹತ್ತು ನಿಮಿಷ. ಹಿಂದಿನ ರಾತ್ರಿ ಮಳೆಯಾಗಿತ್ತು. ಜಲ್ಲಿ ಮುಗಿದು ಜೇಡಿಮಣ್ಣು ಶುರುವಾದದ್ದು ನನಗೆ ತಿಳಿದದ್ದು ಚಕ್ರ ನಿಂತಾಗಲೇ. ಟೈರಿಗೂ ಫ್ರೇಮಿಗೂ ನಡುವಿನ ಬೆರಳಗಲದ ಜಾಗದಲ್ಲಿ ಮಣ್ಣು ಗಾರೆಯಂತೆ ಮೆತ್ತಿಕೊಂಡು, ತಳ್ಳಿದರೆ ಚಕ್ರ ತಿರುಗದೆ ಜಾರುತ್ತಿತ್ತು. ಕಡ್ಡಿ ಮುರಿದುಕೊಂಡು ಕೆರೆದು ತೆಗೆದೆ. ಹತ್ತು ಹೆಜ್ಜೆ ಹೋದೆ, ಮತ್ತೆ ತುಂಬಿತು. ಕೊನೆಗೆ ಚೀಲಗಳನ್ನು ಬಿಚ್ಚಿ ಒಂದು ಸಲ, ಸೈಕಲ್ ಹೊತ್ತು ಇನ್ನೊಂದು ಸಲ. ಇನ್ನೂರು ಮೀಟರಿಗೆ ಐವತ್ತು ನಿಮಿಷ.

ನಿಮ್ಮ ಮೂವರ ಕಾಲಿನ ಬಲದ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ಒಂದು ಲೆಕ್ಕ ಕೇಳಿ. 1897ರಲ್ಲಿ ಅಮೆರಿಕದ ಸೇನೆಯ 25ನೇ ಪದಾತಿದಳದ ಇಪ್ಪತ್ತು ಮಂದಿ ಕಪ್ಪು ಸೈನಿಕರು ಮೊಂಟಾನಾದ ಮಿಸೂಲಾದಿಂದ ಸೇಂಟ್ ಲೂಯಿಸ್‌ವರೆಗೆ, ಸುಮಾರು 3,050 ಕಿ.ಮೀ. ದೂರವನ್ನು ಗೇರಿಲ್ಲದ ಸೈಕಲ್‌ಗಳಲ್ಲಿ 41 ದಿನಗಳಲ್ಲಿ ಮುಗಿಸಿದರು. ಕೆಸರಿನಲ್ಲಿ ಸೈಕಲ್ ಓಡದೆ ಹೋದಾಗ ರೈಲು ಹಳಿಯ ದಿಮ್ಮಿಗಳ ಮೇಲೆ ತಳ್ಳಿಕೊಂಡು ನಡೆದರು. ನಿಂತ ದಿನಗಳನ್ನೂ ಸೇರಿಸಿ ಸರಾಸರಿ ತೆಗೆದರೆ ದಿನಕ್ಕೆ 74 ಕಿ.ಮೀ. ಅವರು ದಿನವೂ ಕವಾಯತು ಮಾಡುತ್ತಿದ್ದ ಸೈನಿಕರು, ನೀವು ರಜೆಗೆ ಹೊರಟವರು. ಅದೇ ದಾರಿಯನ್ನು ಏಳು ದಿನಕ್ಕೆ ಹಂಚಿ, ಇಲ್ಲವೇ ನಾಲ್ಕು ದಿನಕ್ಕೆ 240 ಸಾಕು ಎನ್ನಿ.

ಪ್ರಶ್ನೆ: ಜಲ್ಲಿರಸ್ತೆಗೆಂದೇ ಮಾರುವ ಗ್ರಾವೆಲ್ ಸೈಕಲ್ ಎಂಬ ಬೇರೆ ಜಾತಿಯೇ ಇದೆಯೇ, ಅಥವಾ ಮಾರುವವರು ಹುಟ್ಟಿಸಿದ ಹೆಸರೇ? ನನ್ನ ಬಳಿ ಹಳೆಯ ಮೌಂಟನ್ ಬೈಕ್ ಇದೆ.

ಉತ್ತರ: ಎರಡೂ ನಿಜ. ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ್ದು 1888ರಲ್ಲಿ. ಆಗ ಡಾಂಬರು ಕಂಡ ರಸ್ತೆ ಎಷ್ಟಿತ್ತು? 1903ರಲ್ಲಿ ಮೊದಲ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ ಓಡಿಸಿದವರೂ ಬಹುಪಾಲು ಜಲ್ಲಿ ಮಣ್ಣಿನ ಮೇಲೆಯೇ ಹೋದರು, ಅದಕ್ಕೆ ಬೇರೆ ಹೆಸರು ಬೇಕೆಂದು ಯಾರಿಗೂ ಅನಿಸಲಿಲ್ಲ. ಹೆಸರು ಹೊಸದು, ಅಗಲ ಟೈರು ಹಿಡಿಸುವ ಫ್ರೇಮು ಮತ್ತು ಏರಿಗೆ ಒದಗುವ ಹಗುರ ಗೇರು ನಿಜವಾದ ಅನುಕೂಲ. ಇವೆರಡೂ ನಿಮ್ಮ ಹಳೆಯ ಮೌಂಟನ್ ಬೈಕಿನಲ್ಲಿ ಇವೆ. ಹೊರಡಿ. ಹೊಸ ಸೈಕಲ್ ಕೊಂಡು ಮರುದಿನವೇ ಪ್ರವಾಸ ಹೊರಡುವವರಿಗಿಂತ, ಪೃಷ್ಠಕ್ಕೆ ಪರಿಚಯವಿರುವ ಸೀಟಿನ ಮೇಲೆ ಹೊರಡುವವರು ಸುಖವಾಗಿ ಮರಳುತ್ತಾರೆ.

ಪ್ರಶ್ನೆ: ಮೇಡಂ, ಟೈರು ಕಲ್ಲಿನಂತೆ ಗಟ್ಟಿಯಾಗುವವರೆಗೆ ಗಾಳಿ ಹಾಕಿದರೆ ಸೈಕಲ್ ಹಗುರವಾಗಿ ಓಡುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಕಲ್ಲುದಾರಿಗೂ ಅದೇ ಸರಿಯೇ?

ಉತ್ತರ: ನುಣುಪು ರಸ್ತೆಗೆ ಒಂದು ಮಟ್ಟದವರೆಗೆ ಸರಿ. ಜಲ್ಲಿಯ ಮೇಲೆ ಅದು ಶಿಕ್ಷೆ. ಗಟ್ಟಿ ಟೈರು ಪ್ರತಿ ಕಲ್ಲಿನ ಮೇಲೂ ನಿಮ್ಮನ್ನೂ ಸೈಕಲ್ಲನ್ನೂ ಎತ್ತಿ ಇಳಿಸುತ್ತದೆ. ಎತ್ತಲು ಹೋದ ಶಕ್ತಿ ನಿಮ್ಮ ಕಾಲಿನದೇ, ಇಳಿದಾಗಿನ ಪೆಟ್ಟು ನಿಮ್ಮ ಬೆನ್ನಿಗೇ. ಮೆತ್ತಗಿನ ಟೈರು ಕಲ್ಲನ್ನು ತನ್ನೊಳಗೆ ನುಂಗಿಕೊಂಡು ಮುಂದೆ ಹೋಗುತ್ತದೆ.

ನನ್ನ ತೂಕ 64 ಕಿಲೋ, ಸಾಮಾನು 9 ಕಿಲೋ, ಟೈರಿನ ಅಗಲ 45 ಮಿಲಿಮೀಟರು, ಟ್ಯೂಬ್ ಇಲ್ಲ. ಮುಂದೆ 28, ಹಿಂದೆ 32 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಹಾಕುತ್ತೇನೆ. ಟ್ಯೂಬ್ ಇದ್ದರೆ ನಾಲ್ಕೈದು ಹೆಚ್ಚು ಬೇಕು, ನಿಮ್ಮ ತೂಕ ಹೆಚ್ಚಿದ್ದರೆ ಇನ್ನೂ ಸ್ವಲ್ಪ. ತೀರಾ ಇಳಿಸಿದರೂ ಅಪಾಯ. ಚೂಪು ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಚಿವುಟಿಸಿಕೊಳ್ಳುತ್ತದೆ. ಪಂಕ್ಚರ್ ಆದ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಕಂಡರೆ ಮುಳ್ಳನ್ನು ಹುಡುಕುತ್ತಾ ಕೂರಬೇಡಿ, ಗಾಳಿ ಕಡಿಮೆಯಾಗಿತ್ತು ಎಂದು ತಿಳಿಯಿರಿ. ಮೀಟರ್ ಕೈಕೊಟ್ಟರೆ ಹೆಬ್ಬೆರಳಿದೆ. ಮನೆಯಲ್ಲೇ ಸರಿಯಾದ ಗಾಳಿ ಹಾಕಿ, ಟೈರನ್ನು ಹತ್ತಿಪ್ಪತ್ತು ಸಲ ಒತ್ತಿ ನೋಡಿ, ಆ ಮೆದು ಬೆರಳಿಗೆ ನೆನಪಾಗಲಿ. ನಾನು ಪ್ರತಿ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಎರಡೂ ಟೈರು ಒತ್ತುತ್ತೇನೆ.

ಟ್ಯೂಬ್ ಇಲ್ಲದ ಟೈರಿನೊಳಗೆ ಹಾಕುವ, ಸಣ್ಣ ತೂತು ಮುಚ್ಚುವ ಸೀಲೆಂಟ್ ದ್ರವ ಕೆಲವೇ ತಿಂಗಳಲ್ಲಿ ಒಣಗಿ ಹೋಗುತ್ತದೆ. ಹೊರಡುವ ಮುನ್ನ ಚಕ್ರವನ್ನು ಕಿವಿಯ ಬಳಿ ಹಿಡಿದು ಅಲುಗಿಸಿ. ಒಳಗೆ ಕುಲುಕುವ ಸದ್ದು ಬರಬೇಕು.

ಪ್ರಶ್ನೆ: ನನಗೆ ಅರವತ್ತೊಂದು. ಮೊಮ್ಮಗಳು ಜೊತೆಗೆ ಬಾ ಅಜ್ಜಿ ಎಂದು ಹಟ ಹಿಡಿದಿದ್ದಾಳೆ. ಏರು ತಳ್ಳಿಕೊಂಡಾದರೂ ಹತ್ತುತ್ತೇನೆ, ಆದರೆ ಜಲ್ಲಿಯ ಇಳಿಜಾರು ಕಂಡರೆ ಕೈಕಾಲು ನಡುಗುತ್ತದೆ.

ಉತ್ತರ: ಅಕ್ಕ, ನಡುಗಬೇಕಾದದ್ದೇ. ನಡುಗದವರು ಬೀಳುವುದನ್ನು ನಾನು ನೋಡಿದ್ದೇನೆ. ತಿರುವಿನೊಳಗೆ ಬ್ರೇಕ್ ಹಿಡಿಯಬೇಡಿ, ತಿರುವಿಗೆ ಮೊದಲೇ, ದಾರಿ ನೇರವಿರುವಾಗಲೇ ವೇಗ ಇಳಿಸಿಕೊಳ್ಳಿ. ಮುಂದಿನ ಬ್ರೇಕನ್ನು ಒಮ್ಮೆಲೇ ಬಿಗಿಹಿಡಿದರೆ ಚಕ್ರ ಜಾರುತ್ತದೆ. ಎರಡನ್ನೂ ಮೆಲ್ಲಗೆ ಹಿಡಿದು ಬಿಡಿ. ಎರಡು ಪೆಡಲೂ ಒಂದೇ ಮಟ್ಟದಲ್ಲಿರಲಿ, ಸೀಟಿನಿಂದ ಒಂದಿಷ್ಟು ಎದ್ದು ಸೊಂಟ ಹಿಂದಕ್ಕೆ ಸರಿಯಲಿ, ಕೈಗಳು ಸಡಿಲವಿರಲಿ. ಕಣ್ಣು ಮಾತ್ರ ಹತ್ತು ಹದಿನೈದು ಮೀಟರು ಮುಂದೆ, ನೀವು ಹೋಗಬೇಕಾದ ಕಡೆ. ಕಲ್ಲನ್ನೇ ದಿಟ್ಟಿಸಿದರೆ ಚಕ್ರವೂ ಕಲ್ಲಿಗೇ ಹೋಗುತ್ತದೆ. ಇಷ್ಟಾದರೂ ಹೆದರಿಕೆಯಾದರೆ ಇಳಿದು ನಡೆಯಿರಿ. ಸೈಕಲ್ ತಳ್ಳಿಕೊಂಡು ಇಳಿಯಲು ನನಗೆ ಇವತ್ತಿಗೂ ಸಂಕೋಚವಿಲ್ಲ.

ಪ್ರಶ್ನೆ: ಕೆಲವು ಮಣ್ಣುರಸ್ತೆಗಳು ತಗಡಿನ ಚಾವಣಿಯಂತೆ ಅಲೆ ಅಲೆಯಾಗಿರುತ್ತವೆ. ಏಕೆ? ಅಲ್ಲಿ ಸೈಕಲ್ ಓಡಿಸುವುದು ಹೇಗೆ? (ಪಿ.ಯು. ವಿದ್ಯಾರ್ಥಿ)

ಉತ್ತರ: ಒಳ್ಳೆಯ ಪ್ರಶ್ನೆ ಮಗು. ವಾಹನಗಳ ಸ್ಪ್ರಿಂಗೇ ಕಾರಣ ಎಂದು ನಾನೂ ನಂಬಿದ್ದೆ. ವಿಜ್ಞಾನಿಗಳು ದೊಡ್ಡ ತಿರುಗುವ ವೇದಿಕೆಯ ಮೇಲೆ ಮರಳು ಹರಡಿ, ಸ್ಪ್ರಿಂಗಿಲ್ಲದ ಒಂದು ಚಕ್ರವನ್ನು ಅದರ ಮೇಲೆ ಉರುಳಲು ಬಿಟ್ಟು ನೋಡಿದರು. ಒಂದು ಮಿತಿಗಿಂತ ನಿಧಾನವಾದರೆ ಮರಳು ಸಮವಾಗಿಯೇ ಉಳಿಯಿತು, ವೇಗ ಮಿತಿ ದಾಟಿದ ಕೂಡಲೇ ಅಲೆಗಳು ಎದ್ದವು. ಚಕ್ರ ಒಂದು ಸಣ್ಣ ಉಬ್ಬಿಗೆ ಎಗರುತ್ತದೆ, ಬಿದ್ದಲ್ಲಿ ಗುಳಿಯಾಗುತ್ತದೆ, ಗುಳಿಯ ಮುಂದೆ ಮತ್ತೊಂದು ಉಬ್ಬು. ಅಂದರೆ ಅಲೆ ಇರುವುದು ವಾಹನಗಳು ಜೋರಾಗಿ ಓಡುವ ಪಟ್ಟಿಯಲ್ಲಿ. ಅಂಚಿಗೆ ಬನ್ನಿ, ಹುಲ್ಲು ಮಣ್ಣು ಸೇರುವ ಕಡೆ ಒಂದು ಗೇಣಿನಷ್ಟು ನುಣುಪು ಜಾಗ ಸಿಗುತ್ತದೆ. ಸಿಗದಿದ್ದರೆ ಹಗುರ ಗೇರು ಹಾಕಿಕೊಂಡು, ಹಲ್ಲು ಕಚ್ಚದೆ ಹೋಗುವುದು. ಹಲ್ಲು ಕಚ್ಚಿದರೆ ಸಂಜೆಗೆ ದವಡೆ ನೋಯುತ್ತದೆ.

ಪ್ರಶ್ನೆ: ಕೇಳಲು ಸಂಕೋಚ. ಎರಡನೇ ದಿನಕ್ಕೆ ಕೂರಲಾಗದಷ್ಟು ಉರಿ. ಕಿರುಬೆರಳೂ ಉಂಗುರಬೆರಳೂ ಜೋಮು ಹಿಡಿಯುತ್ತವೆ.

ಉತ್ತರ: ಸಂಕೋಚ ಬೇಡ, ಈ ವಾರ ಇದೇ ಪ್ರಶ್ನೆ ಆರು ಜನರದು. ಪ್ಯಾಡ್ ಇರುವ ಸೈಕಲ್ ಚಡ್ಡಿಯ ಒಳಗೆ ಇನ್ನೊಂದು ಚಡ್ಡಿ ಹಾಕಬಾರದು. ಒಳಗಿನ ಹೊಲಿಗೆಯೇ ಚರ್ಮವನ್ನು ಉಜ್ಜುತ್ತದೆ. ಅಂಥವು ಎರಡಿರಲಿ, ಒಂದನ್ನು ಸಂಜೆ ತಲುಪಿದ ಕೂಡಲೇ ಒಗೆದು ಹರವಿ. ಉಜ್ಜುವ ಕಡೆ ಕ್ರೀಮ್ ಹಚ್ಚಿ, ಹೊರಡುವ ಮೊದಲೇ.

ಬೆರಳಿನ ಜೋಮಿಗೆ ಕಾರಣ ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಿಹೋಗುವುದು. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈಭಾರವೆಲ್ಲ ಕೈಗೆ ಬರುತ್ತದೆ, ಅದನ್ನು ಸಮ ಮಾಡಿ. ಹ್ಯಾಂಡಲ್ ಸ್ವಲ್ಪ ಎತ್ತರಿಸಿ. ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಮನೆಗೆ ಬಂದು ವಾರವಾದರೂ ಜೋಮು ಹೋಗದಿದ್ದರೆ ನನ್ನನ್ನಲ್ಲ, ವೈದ್ಯರನ್ನು ಕೇಳಿ.

ಪ್ರಶ್ನೆ: ಬಿಡಿಭಾಗಗಳಲ್ಲಿ ಇದೊಂದನ್ನು ಬಿಟ್ಟು ಹೋಗಬೇಡಿ ಎನ್ನುವಂಥದ್ದು ಯಾವುದು?

ಉತ್ತರ: ಪಂಪು, ಟ್ಯೂಬ್, ತೇಪೆ, ಚೈನ್ ಕೂಡಿಸುವ ಕೊಂಡಿ, ಇವನ್ನೆಲ್ಲ ನೀವು ಹೇಗೂ ಒಯ್ಯುತ್ತೀರಿ. ಮರೆಯುವುದು ಹ್ಯಾಂಗರ್. ಹಿಂದಿನ ಗೇರು ಬದಲಿಸುವ ಸಾಧನವನ್ನು ಫ್ರೇಮಿಗೆ ಹಿಡಿದಿಡುವ, ಕಿರುಬೆರಳುದ್ದದ ಅಲ್ಯೂಮಿನಿಯಂ ತುಂಡು. ಪೆಟ್ಟು ಬಿದ್ದಾಗ ಫ್ರೇಮು ಉಳಿದು ತಾನು ಬಾಗಲಿ ಎಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ.

ನನ್ನದು ಬಾಗಿದ್ದು ಓಡಿಸುವಾಗಲ್ಲ. ಗೇಟಿಗೆ ಒರಗಿಸಿದ್ದ ಸೈಕಲ್ ಗಾಳಿಗೆ ಬಲಮಗ್ಗುಲಾಗಿ ಬಿತ್ತು. ಎತ್ತಿ ಧೂಳು ಒರೆಸಿ ಹೊರಟೆ. ಮುಂದಿನ ಏರಿಗೆ ಅತಿ ಹಗುರ ಗೇರಿಗೆ ಹಾಕಿದ್ದೇ ತಡ, ಬಾಗಿದ ಸಾಧನ ಚಕ್ರದ ಕಡ್ಡಿಗಳೊಳಗೆ ನುಗ್ಗಿ ಹ್ಯಾಂಗರ್ ಕಟ್ಟಾಯಿತು. ಚೀಲದಲ್ಲಿ ಬದಲಿ ಇತ್ತು. ‘ಎಲ್ಲ ಸೈಕಲ್ಲಿಗೂ ಆಗುತ್ತದೆ’ ಎಂದು ಕೊಟ್ಟಿದ್ದರು, ನನ್ನದಕ್ಕೆ ಆಗಲಿಲ್ಲ. ಹ್ಯಾಂಗರಿನಲ್ಲಿ ನೂರಾರು ಆಕಾರಗಳಿವೆ ಎಂದು ಆಮೇಲೆ ತಿಳಿಯಿತು. ಚೈನನ್ನು ಕತ್ತರಿಸಿ ಗಿಡ್ಡ ಮಾಡಿ, ನಡುವಿನ ಒಂದು ಹಲ್ಲುಚಕ್ರಕ್ಕೆ ಕೂಡಿಸಿ, ಉಳಿದ 37 ಕಿ.ಮೀ. ಒಂದೇ ಗೇರಿನಲ್ಲಿ ಮುಗಿಸಿದೆ. ಬದಲಿ ತುಂಡನ್ನು ಮನೆಯಲ್ಲೇ ಒಮ್ಮೆ ಕೂಡಿಸಿ ನೋಡಿ, ಆಮೇಲೆ ಚೀಲಕ್ಕೆ ಹಾಕಿ. ಸೈಕಲ್ಲನ್ನು ನೆಲಕ್ಕೆ ಮಲಗಿಸುವುದಾದರೆ ಎಡಮಗ್ಗುಲಿಗೆ.

ಪ್ರಶ್ನೆ: ನಕ್ಷೆಯಲ್ಲಿ ದಾರಿ ಇರುತ್ತದೆ, ಹೋದರೆ ಪೊದೆ.

ಉತ್ತರ: ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ನಕ್ಷೆಗಳಲ್ಲಿ ಕಚ್ಚಾದಾರಿಗಳಿಗೆ ಒಂದರಿಂದ ಐದರವರೆಗೆ ದರ್ಜೆ ಇರುತ್ತದೆ. ಒಂದು ಎಂದರೆ ಗಟ್ಟಿ, ಐದು ಎಂದರೆ ಮೆತ್ತನೆಯ ಮಣ್ಣು. ಬರೆಯುವವರು ಸ್ವಯಂಸೇವಕರು, ಅವರು ಹೋಗಿ ಬಂದ ಮೇಲೆ ಪೊದೆ ಬೆಳೆದಿರಬಹುದು. ಉಪಗ್ರಹ ಚಿತ್ರದೊಂದಿಗೆ ತಾಳೆ ನೋಡಿ. ನಕ್ಷೆಯನ್ನು ಮೊದಲೇ ಮೊಬೈಲಿಗೆ ಇಳಿಸಿಕೊಳ್ಳಿ, ಹಳ್ಳಿದಾರಿಯಲ್ಲಿ ನೆಟ್‌ವರ್ಕ್ ಹುಡುಕುತ್ತಲೇ ಬ್ಯಾಟರಿ ಸಾಯುತ್ತದೆ. ಪ್ರತಿ ದಿನಕ್ಕೂ ಡಾಂಬರು ರಸ್ತೆಗೆ ತಪ್ಪಿಸಿಕೊಳ್ಳುವ ಒಂದು ಅಡ್ಡದಾರಿ ಗುರುತು ಮಾಡಿಡಿ.

ಪ್ರಶ್ನೆ: ನಮ್ಮ ಯಜಮಾನರು ಪ್ರತಿ ಏರಿನಲ್ಲೂ ಮುಂದೆ ಹೋಗಿ ತುದಿಯಲ್ಲಿ ಕಾಯುತ್ತಾರೆ. ನಾನು ಏದುಸಿರು ಬಿಡುತ್ತಾ ತಲುಪಿದ ಕ್ಷಣವೇ ‘ಸರಿ, ಹೊರಡೋಣ’ ಎನ್ನುತ್ತಾರೆ. ವಿಶ್ರಾಂತಿ ಎಲ್ಲ ಅವರಿಗೇ. ಈ ವರ್ಷ ಬರುವುದಿಲ್ಲ ಎಂದುಬಿಡಲೇ?

ಉತ್ತರ: ಬೇಡ. ಮೊದಲು ಸಾಮಾನು ಮತ್ತೆ ಹಂಚಿ. ಪಂಪು, ಸಲಕರಣೆ, ಬದಲಿ ಟ್ಯೂಬ್, ಇಬ್ಬರ ಹೆಚ್ಚುವರಿ ನೀರು, ಎಲ್ಲ ಅವರ ಸೈಕಲ್ಲಿಗೆ. ಭಾರವಾದದ್ದು ಫ್ರೇಮಿನ ನಡುವಿನ ಚೀಲದಲ್ಲಿ, ಪೆಡಲಿನ ಮೇಲ್ಭಾಗಕ್ಕೆ ಬರಲಿ. ಸೀಟಿನ ಹಿಂದೆ ತೂಗುಹಾಕಿದರೆ ಸೈಕಲ್ ಬಾಲ ಅಲ್ಲಾಡಿಸುತ್ತದೆ, ಅಷ್ಟು ಕಷ್ಟ ಅವರಿಗೆ ಕೊಡುವುದು ಬೇಡ. ಎರಡನೆಯದಾಗಿ, ನಕ್ಷೆ ಇರುವ ಮೊಬೈಲನ್ನು ನಿಮ್ಮ ಹ್ಯಾಂಡಲ್ಲಿಗೇ ಕಟ್ಟಿಕೊಳ್ಳಿ. ಮುಂದಿನ ಕವಲಿನಲ್ಲಿ ಎಡಕ್ಕೋ ಬಲಕ್ಕೋ ಎಂದು ಗೊತ್ತಿಲ್ಲದವರು ತುಂಬ ದೂರ ಮುಂದೆ ಹೋಗುವುದಿಲ್ಲ.