ಶ್ವೇತಕುಬ್ಜದ ಬೆಳಕಿನಿಂದ ನಾಶವಾದ ಗ್ರಹದ ಕಲ್ಲನ್ನು ಗುರುತಿಸಬಹುದೇ?

ಗ್ರಹವೇ ನುಚ್ಚುನೂರಾದ ಮೇಲೆ ಅದರ ಕಲ್ಲು ಎಂಥದೆಂದು ನಕ್ಷತ್ರದ ಬೆಳಕು ನೋಡಿ ಹೇಗೆ ಹೇಳುತ್ತಾರೆ, ಅದನ್ನು ಎಷ್ಟು ನಂಬಬಹುದು ಎಂದು ಕೇಳಿದ್ದೀರಿ. ನಾನು ಧಾರವಾಡದಲ್ಲಿ ಭೂವಿಜ್ಞಾನ ಕಲಿಸುವವನು. ನನ್ನ ಅಭಿಪ್ರಾಯದಲ್ಲಿ ಧಾತುಗಳ ಪ್ರಮಾಣವನ್ನು ಬಹುಮಟ್ಟಿಗೆ ನಂಬಬಹುದು, ಕಲ್ಲಿನ ಹೆಸರನ್ನು ಅಷ್ಟು ಸಲೀಸಾಗಿ ನಂಬಲಾಗದು.

ಶ್ವೇತಕುಬ್ಜವೆಂದರೆ ಇಂಧನ ತೀರಿದ ನಕ್ಷತ್ರದ ಉಳಿದ ತಿರುಳು. ಅದರ ಮೇಲ್ಮೈಯ ಗುರುತ್ವ ಭೂಮಿಯದಕ್ಕಿಂತ ಸುಮಾರು 1,00,000 ಪಟ್ಟು ಹೆಚ್ಚಿರುವುದರಿಂದ ಭಾರವಾದ ಧಾತುಗಳೆಲ್ಲ ಒಳಗೆ ಮುಳುಗಿ, ಮೇಲೆ ಜಲಜನಕವೋ ಹೀಲಿಯಮ್ಮೋ ಉಳಿಯಬೇಕು. ಆದರೂ ರೋಹಿತದಲ್ಲಿ, ಅಂದರೆ ಬಣ್ಣಗಳಾಗಿ ಬಿಡಿಸಿದ ಅದರ ಬೆಳಕಿನಲ್ಲಿ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾನ್, ಕಬ್ಬಿಣದ ಗೆರೆಗಳು ಕಂಡರೆ ಹೊರಗಿನಿಂದ ಏನೋ, ಅಂದರೆ ನುಚ್ಚುನೂರಾದ ಗ್ರಹದಂಥ ಕಾಯದ ಪುಡಿ, ಬಿದ್ದಿದೆ ಎಂದೇ ತಿಳಿಯಬೇಕು. ವಾನ್ ಮಾನೆನ್ ನಕ್ಷತ್ರದಲ್ಲಿ ಕ್ಯಾಲ್ಸಿಯಂ ಗೆರೆಗಳು 1917ರಲ್ಲೇ ದಾಖಲಾಗಿದ್ದವು. ಅವುಗಳ ಅರ್ಥ ಹೊಳೆಯಲು ಹಲವು ದಶಕಗಳೇ ಹಿಡಿದವು. ಗೆರೆಗಳ ಆಳದಿಂದ ಪ್ರತಿ ಧಾತುವಿನ ಪ್ರಮಾಣ ಸಿಗುತ್ತದೆ. ಆದರೆ ಎಲ್ಲವೂ ಒಂದೇ ವೇಗದಲ್ಲಿ ಮುಳುಗುವುದಿಲ್ಲ. ಕಬ್ಬಿಣ ಮೆಗ್ನೀಸಿಯಂಗಿಂತ ಬೇಗ ಇಳಿಯುತ್ತದೆ. ಆದ್ದರಿಂದ ಪುಡಿ ಇನ್ನೂ ಬೀಳುತ್ತಿದೆಯೋ, ನಿಂತುಹೋಗಿದೆಯೋ ಎಂಬುದರ ಮೇಲೆ ಲೆಕ್ಕವನ್ನು ತಿದ್ದಬೇಕಾಗುತ್ತದೆ.

ಇಲ್ಲಿಂದ ಮುಂದೆ ವಿಷಯ ನಮ್ಮ ಕೈಗೆ ಬರುತ್ತದೆ. ಗದಗಿನ ಕಪ್ಪತಗುಡ್ಡದ ಹಸಿರು ಕ್ಲೋರೈಟ್ ಶಿಸ್ಟನ್ನು (ಕ್ಲೋರೈಟ್ ಎಂಬ ಮೆತ್ತನೆಯ ಖನಿಜ ತುಂಬಿದ ಪದರುಗಲ್ಲನ್ನು) ಅರೆದು ಲ್ಯಾಬಿಗೆ ಕೊಟ್ಟರೆ ಸಿಲಿಕಾ ಇಷ್ಟು, ಮೆಗ್ನೀಷಿಯಾ ಇಷ್ಟು ಎಂಬ ಪಟ್ಟಿ ಬರುತ್ತದೆ. ಅದನ್ನು ಬಿ.ಎಸ್ಸಿ. ತರಗತಿಯಲ್ಲಿ ಹೇಳಿಕೊಡುವ, ರಾಸಾಯನಿಕ ಪಟ್ಟಿಯಿಂದ ಖನಿಜಗಳನ್ನು ಊಹಿಸುವ ‘ನಾರ್ಮ್’ ಲೆಕ್ಕಕ್ಕೆ ಹಾಕಿದರೆ ಪೈರಾಕ್ಸೀನ್, ಫೆಲ್ಡ್‌ಸ್ಪಾರ್ ಎಂಬ ಗಟ್ಟಿ ಖನಿಜಗಳ ಹೆಸರು ಬರುತ್ತದೆಯೇ ಹೊರತು ಕ್ಲೋರೈಟ್ ಎಂದು ಎಂದೂ ಬರದು. ಆ ಲೆಕ್ಕಕ್ಕೆ ನೀರಿಲ್ಲದ ಖನಿಜಗಳಷ್ಟೇ ಗೊತ್ತು. ಕ್ಲೋರೈಟಿನ ಹರಳಿನಲ್ಲಿಯೋ ನೀರಿನಂಶ ಸೇರಿಕೊಂಡಿರುತ್ತದೆ. ಲಕ್ಕುಂಡಿಯ ಗುಡಿಗಳಲ್ಲಿ ಅಷ್ಟು ನಯವಾಗಿ ಕೆತ್ತಿಸಿಕೊಂಡ ಕಲ್ಲೂ ಇದೇ ಜಾತಿಯದು. ಕಾಗದದ ಮೇಲೆ ಮಾತ್ರ ಅದು ಉಳಿಗೆ ಬಗ್ಗದ ಕಲ್ಲಾಗಿಬಿಡುತ್ತದೆ. ಕೈಯಲ್ಲಿ ಹಿಡಿದ ಕಲ್ಲಿನ ಪಾಡೇ ಹೀಗಿರುವಾಗ, ಆವಿಯಾಗಿ ಬೆರೆತುಹೋದ ಕಲ್ಲಿನ ಖನಿಜಗಳನ್ನು ಖಚಿತವಾಗಿ ಹೇಳುವುದು ಕಷ್ಟ.

2021ರಲ್ಲಿ ಪುಟಿರ್ಕಾ ಮತ್ತು ಶು ಎಂಬ ಸಂಶೋಧಕರು 23 ಶ್ವೇತಕುಬ್ಜಗಳನ್ನು ಇಂಥದೇ ಲೆಕ್ಕದಿಂದ ಪರಿಶೀಲಿಸಿ, ನಮ್ಮ ಸೌರಮಂಡಲದಲ್ಲಿ ಕಾಣದ ಶಿಲೆಗಳನ್ನು ಸೂಚಿಸಿ, ‘ಕ್ವಾರ್ಟ್ಜ್ ಪೈರಾಕ್ಸಿನೈಟ್’ನಂಥ ಹೆಸರುಗಳನ್ನಿಟ್ಟರು. ಅಳತೆಯ ಅನಿಶ್ಚಿತತೆಯನ್ನು ಸೇರಿಸಿ ನೋಡಿದರೆ ಇಂಥ ಹೆಚ್ಚಿನ ಕಾಯಗಳು ಕಾಂಡ್ರೈಟ್ ಎಂಬ, ಸೌರಮಂಡಲದ ಆರಂಭದಿಂದ ಕರಗದೆ ಉಳಿದ ಉಲ್ಕಾಶಿಲೆಗಳನ್ನೇ ಹೋಲುತ್ತವೆ ಎಂದು 2023ರ ಇನ್ನೊಂದು ವಿಶ್ಲೇಷಣೆ ವಾದಿಸಿತು. ನನಗೆ ಎರಡನೆಯದೇ ಒಪ್ಪಿಗೆ.

ಇದಕ್ಕಿಂತ ಗಟ್ಟಿಯೆನಿಸುವುದು 2019ರ ಕೆಲಸ. ಆರು ಶ್ವೇತಕುಬ್ಜಗಳಲ್ಲಿ ಸಿಲಿಕಾನ್, ಮೆಗ್ನೀಸಿಯಂ ಮುಂತಾದವುಗಳಿಗೆ ಬೇಕಾದ ಆಮ್ಲಜನಕವನ್ನು ಕಳೆದು, ಉಳಿದದ್ದರಲ್ಲಿ ಎಷ್ಟು ಕಬ್ಬಿಣ ಆಕ್ಸೈಡ್ ಆಗಿತ್ತೆಂದು ಕಂಡುಕೊಂಡಾಗ, ಆ ಕಲ್ಲುಗಳು ಭೂಮಿ, ಮಂಗಳಗಳ ಕಲ್ಲಿನಂತೆಯೇ ಉತ್ಕರ್ಷಣಗೊಂಡಿದ್ದವೆಂದು (ಆಮ್ಲಜನಕದೊಂದಿಗೆ ಕೂಡಿದ್ದವೆಂದು) ತಿಳಿಯಿತು. ಅಲ್ಲಿ ಯಾವ ಖನಿಜವನ್ನೂ ಊಹಿಸಬೇಕಾಗಿಲ್ಲ, ಧಾತುಗಳ ಜಮಾ-ಖರ್ಚೇ ಸಾಕು.