ಅಮೆರಿಕದ ಹೊಸ ಊರಿಗೆ ಬಂದಿದ್ದೇನೆ. ಆಟ ಕಲಿಯಬೇಕು ಅಂತ ಆಫೀಸಿನ ಗೆಳೆಯನ ಜೊತೆ ಐಸ್ ಹಾಕಿಯ ಸೀಸನ್ ಟಿಕೆಟ್‌ನಲ್ಲಿ (ತವರಿನ ಪಂದ್ಯಗಳಿಗೆಲ್ಲ ಒಂದೇ ಸೀಟು) ಅರ್ಧ ಪಾಲು ತೆಗೆದುಕೊಂಡೆ. ಈಗ ಜನವರಿ, ನಮ್ಮೂರ ತಂಡ ಅಂಕಪಟ್ಟಿಯ ತಳದಲ್ಲಿದೆ, ಚಿತ್ರ ಹಾಕಿದ್ದೇನೆ. ಸೋಲುವ ತಂಡಕ್ಕೆ ದುಡ್ಡು ಯಾಕೆ? ಸೀಸನ್ ಟಿಕೆಟ್‌ನ ನನ್ನ ಪಾಲು ಈಗಲೇ ಬಿಟ್ಟುಬಿಡಲಾ?

ಬಿಡಬೇಡಿ. ಅಮೆರಿಕದ ಹೊಸ ಊರು, ಆಫೀಸಿನ ಗೆಳೆಯನ ಜೊತೆ ಅರ್ಧ ಪಾಲಿನ ಟಿಕೆಟ್, ಜನವರಿಯ ಚಳಿ, ಸೋತು ಸುಣ್ಣವಾದ ತಂಡ. ನಿಮ್ಮ ಪ್ರಶ್ನೆಯಲ್ಲಿ ಇರುವುದೆಲ್ಲ 2018-19ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ನನಗೂ ಆಗಿತ್ತು. ನಾನು ಪಾಲು ಬಿಟ್ಟುಕೊಟ್ಟೆ.

ಸೇಂಟ್ ಲೂಯಿಸ್ ಬ್ಲೂಸ್ 1967ರಿಂದ ಆಡುತ್ತಿದ್ದರೂ ಲೀಗಿನ ಚಾಂಪಿಯನ್‌ಗೆ ಸಿಗುವ ಸ್ಟ್ಯಾನ್ಲಿ ಕಪ್ ಒಮ್ಮೆಯೂ ಗೆದ್ದಿರಲಿಲ್ಲ. ಆ ಸಲ ಎಲ್ಲರಿಗೂ ಆಸೆ ಜಾಸ್ತಿ ಇತ್ತು. ಬಫಲೋ ತಂಡದಿಂದ ಆಟಗಾರ ರಯಾನ್ ಒ'ರೈಲಿ ಬಂದಿದ್ದರು. ಊರಿನ ಹುಡುಗ ಪ್ಯಾಟ್ ಮರೂನ್ ಬಂದಿದ್ದರು. ಆದರೆ ನವೆಂಬರ್‌ನಲ್ಲೇ ಕೋಚ್ ಮೈಕ್ ಯೋ ಅವರನ್ನು ತೆಗೆದರು, ಕ್ರೇಗ್ ಬೆರೂಬಿ ತಾತ್ಕಾಲಿಕ ಕೋಚ್ ಆದರು. ಡಿಸೆಂಬರ್‌ನಲ್ಲಿ ಅಭ್ಯಾಸದ ಹೊತ್ತಿನಲ್ಲಿ ಜಾಕ್ ಸ್ಯಾನ್‌ಫರ್ಡ್ ಮತ್ತು ರಾಬರ್ಟ್ ಬೊರ್ಟುಝೊ, ಒಂದೇ ತಂಡದವರು, ಕೈ ಕೈ ಮಿಲಾಯಿಸಿದರು. ಆ ವಿಡಿಯೊ ನೋಡಿದ ಮೇಲೆ ಈ ತಂಡದ ಕಥೆ ಮುಗಿಯಿತು ಅಂತ ನನಗೆ ಖಾತ್ರಿಯಾಯಿತು. ಜನವರಿ 3ರ ಬೆಳಿಗ್ಗೆ ಪಟ್ಟಿ ತೆಗೆದರೆ 31 ತಂಡಗಳಲ್ಲಿ ಬ್ಲೂಸ್ ಕೊನೆಯದು.

ನಾನು ಎಡವಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ಪಟ್ಟಿಯ ಚಿತ್ರ ಹಾಕಿ ಪ್ರಶ್ನೆ ಕೇಳಿದ್ದೀರಿ. ನಾನು ನೋಡಿದ್ದು ಸ್ಥಾನ ಮಾತ್ರ. ಪಕ್ಕದ ಕಾಲಮ್‌ಗಳನ್ನು ಓದಲೇ ಇಲ್ಲ. ಆ ದಿನ ಬ್ಲೂಸ್ ಆಡಿದ್ದು 37 ಪಂದ್ಯ. 15 ಗೆಲುವು, 18 ಸೋಲು, ಓವರ್‌ಟೈಮ್ (ಪಂದ್ಯ ಸಮವಾದಾಗಿನ ಹೆಚ್ಚುವರಿ ಆಟ) ಅಥವಾ ಶೂಟೌಟ್‌ನಲ್ಲಿ (ಒಬ್ಬೊಬ್ಬರೇ ಗೋಲಿಗೆ ಹೊಡೆಯುವ ಸರದಿ) 4 ಸೋಲು, ಒಟ್ಟು 34 ಪಾಯಿಂಟ್. ಸುತ್ತಮುತ್ತಲ ಕೆಲವು ತಂಡಗಳು ಆಗಲೇ ಹೆಚ್ಚು ಪಂದ್ಯ ಆಡಿ ಮುಗಿಸಿದ್ದವು. ಆಗ ಸೀಸನ್ ಇದ್ದದ್ದು 82 ಪಂದ್ಯದ್ದು, ಅಂದರೆ ಇನ್ನೂ 45 ಬಾಕಿ. ಗೆದ್ದರೆ 2 ಪಾಯಿಂಟ್, ಓವರ್‌ಟೈಮ್‌ನಲ್ಲಿ ಸೋತರೂ 1. ಇಂಥ ಲೆಕ್ಕದಲ್ಲಿ ಜನವರಿಯಲ್ಲಿ ಯಾರೂ ಮುಳುಗಿ ಹೋಗಿರುವುದಿಲ್ಲ. ನಾನೋ ಐಪಿಎಲ್‌ನ 14 ಪಂದ್ಯಗಳ ಪಟ್ಟಿ ನೋಡಿ ಬೆಳೆದವನು. ಕೊನೆಯ ಸ್ಥಾನ ಅಂದರೆ ಮನೆಗೆ ಹೊರಟರು ಅಂತಲೇ ಅಂದುಕೊಂಡೆ. (ಅಲ್ಲೂ ಅದು ನಿಜವಲ್ಲ. 2024ರಲ್ಲಿ ನಮ್ಮ ಆರ್‌ಸಿಬಿ ಮೊದಲ 8ರಲ್ಲಿ 7 ಸೋತು, ಆಮೇಲೆ ಸತತ 6 ಗೆದ್ದು ಪ್ಲೇಆಫ್‌ಗೆ ಹೋಯಿತಲ್ವಾ.)

ಇನ್ನೊಂದು ವಿಷಯ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ತಂಡ ಯಾಕೆ ಸೋಲುತ್ತಿದೆ? ಬ್ಲೂಸ್ ಎದುರಾಳಿಗೆ ಜಾಸ್ತಿ ಶಾಟ್ ಹೊಡೆಯಲು ಬಿಡುತ್ತಿರಲಿಲ್ಲ. ಆದರೆ ಗೋಲಿ (ಗೋಲ್‌ಕೀಪರ್) ಜೇಕ್ ಆಲನ್ ಅವರಿಗೆ ಆ ತಿಂಗಳುಗಳು ಚೆನ್ನಾಗಿರಲಿಲ್ಲ, ತಡೆಯಬಹುದಾದ ಪಕ್‌ಗಳೂ (ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ಒಳಗೆ ಹೋಗುತ್ತಿದ್ದವು. ಒ'ರೈಲಿ ಮಾತ್ರ ತಂಡ ಸೋತಾಗಲೂ ಚೆನ್ನಾಗಿಯೇ ಆಡುತ್ತಿದ್ದರು. ನಾನು ಅರೀನಾದಲ್ಲಿ ಕೂತು ಇದನ್ನೆಲ್ಲ ಕಣ್ಣಾರೆ ನೋಡಿದ್ದೆ. ಹಾಗಿದ್ದೂ ನನ್ನ ಕಣ್ಣಿಗಿಂತ ಫೋನಿನಲ್ಲಿದ್ದ ಪಟ್ಟಿಯನ್ನೇ ನಂಬಿದೆ. ಗೆಳೆಯ "ಮಾರ್ಚ್ ತನಕ ತಡಿ ಮಾರಾಯ" ಅಂದ. ಕೇಳಲಿಲ್ಲ. ಅವನು ಬೇರೆಯವರಿಗೆ ಪಾಲು ಕೊಟ್ಟ.

ಜನವರಿ 7ಕ್ಕೆ ಜೋರ್ಡನ್ ಬಿನ್ನಿಂಗ್ಟನ್ ಮೊದಲ ಸಲ ಪಂದ್ಯದ ಆರಂಭದಿಂದ ಗೋಲಿಯಾಗಿ ನಿಂತರು. ಫಿಲಡೆಲ್ಫಿಯಾ ವಿರುದ್ಧ 3-0, ಶಟೌಟ್, ಅಂದರೆ ಒಂದೂ ಗೋಲು ಬಿಡಲಿಲ್ಲ. ಹಿಂದಿನ ಸೀಸನ್‌ನಲ್ಲಿ ಬ್ಲೂಸ್ ಇವರನ್ನು ಬಾಸ್ಟನ್‌ನ ಕೆಳಹಂತದ ತಂಡವಾದ ಪ್ರಾವಿಡೆನ್ಸ್‌ಗೆ ಎರವಲು ಕೊಟ್ಟಿತ್ತು! ಅಲ್ಲಿಂದ ತಂಡದ ದಿಕ್ಕೇ ಬದಲಾಯಿತು. ಜನವರಿ ಕೊನೆಯಿಂದ ಫೆಬ್ರವರಿಯವರೆಗೆ ಸತತ 11 ಗೆಲುವು. ಉಳಿದ 45 ಪಂದ್ಯಗಳಲ್ಲಿ 30 ಗೆದ್ದು, 99 ಪಾಯಿಂಟ್‌ಗೆ ಸೀಸನ್ ಮುಗಿಸಿದರು. ಪಟ್ಟಿಯ ಮೇಲ್ತುದಿಯಲ್ಲಿ ಏನಾಯಿತು ಅಂತಲೂ ನೋಡಿ. 62 ಪಂದ್ಯ ಗೆದ್ದು 128 ಪಾಯಿಂಟ್ ಮಾಡಿದ್ದ ಟ್ಯಾಂಪಾ ಬೇ ಮೊದಲ ಸುತ್ತಿನಲ್ಲೇ ಕೊಲಂಬಸ್‌ಗೆ ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತು ಹೊರಬಿತ್ತು.

ಪಾಲು ಬಿಟ್ಟದ್ದರ ನಿಜವಾದ ಬೆಲೆ ನನಗೆ ಗೊತ್ತಾಗಿದ್ದು ಏಪ್ರಿಲ್‌ನಲ್ಲಿ. ಸೀಸನ್ ಟಿಕೆಟ್ ಇದ್ದವರಿಗೆ ಪ್ಲೇಆಫ್‌ನಲ್ಲಿ ಅವರ ಸೀಟು ಮೊದಲು ಸಿಗುತ್ತದೆ. ನನಗೆ ಆ ಹಕ್ಕು ಉಳಿದಿರಲಿಲ್ಲ, ಹೊರಗಿನ ಬೆಲೆ ನನ್ನ ಕೈಗೆ ಎಟುಕುವಂತಿರಲಿಲ್ಲ. ಮೇ 7ರಂದು ಡಲ್ಲಾಸ್ ವಿರುದ್ಧದ ಸುತ್ತಿನ ನಿರ್ಣಾಯಕ 7ನೇ ಪಂದ್ಯ ಎರಡನೇ ಓವರ್‌ಟೈಮ್‌ಗೆ ಹೋಯಿತು. ಗೆಲುವಿನ ಗೋಲು ಹೊಡೆದದ್ದು ಮರೂನ್, ತನ್ನ ಊರಿನಲ್ಲಿ, ತನ್ನ ಜನರ ಮುಂದೆ. ನನ್ನ ಗೆಳೆಯ ಅಲ್ಲಿದ್ದ. ನಾನು ಟಿವಿಯ ಮುಂದೆ ಕೂತಿದ್ದೆ. ಕಪ್ ಗೆದ್ದ ಜೂನ್ 12ಕ್ಕಿಂತ ಆ ರಾತ್ರಿಯೇ ನನಗೆ ಇವತ್ತಿಗೂ ಹೆಚ್ಚು ಸಂಕಟ ಕೊಡುತ್ತದೆ. ಕೊನೆಯ ಪಂದ್ಯ ಹೇಗಿದ್ದರೂ ಬಾಸ್ಟನ್‌ನಲ್ಲಿತ್ತು. 4-1ರಿಂದ ಗೆದ್ದರು, ಬಿನ್ನಿಂಗ್ಟನ್ 32 ಶಾಟ್ ತಡೆದರು. ನಾಲ್ಕನೇ ಗೋಲು ಯಾರದ್ದು ಗೊತ್ತಾ? ಡಿಸೆಂಬರ್‌ನಲ್ಲಿ ತಂಡದವನ ಜೊತೆಯೇ ಹೊಡೆದಾಡಿದ್ದ ಸ್ಯಾನ್‌ಫರ್ಡ್‌ದು.

ನಿಮ್ಮ ತಂಡವೂ ಹೀಗೆ ಗೆಲ್ಲುತ್ತದೆ ಅಂತ ನಾನು ಹೇಳುತ್ತಿಲ್ಲ. ಜನವರಿಯಲ್ಲಿ ತಳದಲ್ಲಿರುವ ತಂಡ ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ. ಆದರೆ "ಸೋಲುವ ತಂಡಕ್ಕೆ ದುಡ್ಡು ಯಾಕೆ" ಅಂತ ಕೇಳಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನೀವು ದುಡ್ಡು ಕೊಟ್ಟಿರುವುದು ಆಟಕ್ಕೆ. ಟಿವಿಯಲ್ಲಿ ಕ್ಯಾಮೆರಾ ಪಕ್‌ನ ಹಿಂದೆ ಓಡುತ್ತದೆ. ಪಕ್ ಇಲ್ಲದ ಆಟಗಾರರು ಏನು ಮಾಡುತ್ತಿದ್ದಾರೆ, 45 ಸೆಕೆಂಡ್‌ಗೊಮ್ಮೆ ಸಾಲುಗಳು (ಒಟ್ಟಿಗೆ ಆಡಲು ಇಳಿಯುವ ಆಟಗಾರರ ಗುಂಪು) ಹೇಗೆ ಬದಲಾಗುತ್ತವೆ, ಇದೆಲ್ಲ ಸೀಟಿನಲ್ಲಿ ಕೂತವರಿಗೇ ಕಾಣುವುದು. ಆಟ ಕಲಿಯಬೇಕು ಅಂತ ನೀವೇ ಬರೆದಿದ್ದೀರಿ.

ದುಡ್ಡಿಗೆ ನಿಜವಾಗಿಯೂ ಕಷ್ಟವಾಗಿದ್ದರೆ ಒಂದೊಂದು ಪಂದ್ಯದ ಟಿಕೆಟ್ ಮಾರಿ. ವಾರದ ನಡುವಿನ ಪಂದ್ಯ ಮಾರಿ, ಶನಿವಾರದ್ದು ಇಟ್ಟುಕೊಳ್ಳಿ. ಪಾಲಿನ ಹಕ್ಕು ಮಾತ್ರ ಸೀಸನ್ ಮುಗಿಯುವ ತನಕ ಯಾರಿಗೂ ಬರೆದು ಕೊಡಬೇಡಿ. ಮತ್ತೆ ನಿಮ್ಮ ತಂಡದ ಗೋಲಿ ಹೇಗಿದ್ದಾರೆ, ಕೆಳಹಂತದ ತಂಡದಲ್ಲಿ ಯಾರು ಕಾಯುತ್ತಿದ್ದಾರೆ ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ನನಗೆ ತಿಳಿಯುವ ಆಸೆ ಇದೆ.